ಲಿನಕ್ಸ್ ಲ್ಯಾಪ್‌ಟಾಪ್‌ಗೂ ಫೋನಿಗೂ ಬ್ಲೂಟೂತ್ ಪೇರ್ ಆಗದಿದ್ದರೆ ಎಲ್ಲಿ ಹುಡುಕಬೇಕು

ತೀರ್ಥಹಳ್ಳಿಯಿಂದ ಅಕ್ಕನ ಮಗಳು ಫೋನ್ ಮಾಡಿದಾಗ ಅಲ್ಲಿ ಕರೆಂಟ್ ಹೋಗಿ ಮೂರು ಗಂಟೆಯಾಗಿತ್ತು. ಜುಲೈ ಮಳೆ, ಎಲ್ಲೋ ಮರ ಬಿದ್ದು ತಂತಿ ಹರಿದಿತ್ತು. ಮನೆಯ ರೂಟರ್ ಸತ್ತಿತ್ತು. ರಾತ್ರಿಯೊಳಗೆ ಅವಳು ಕಾಲೇಜಿಗೆ ಪ್ರಾಜೆಕ್ಟ್ ರಿಪೋರ್ಟ್ ಕಳಿಸಬೇಕು. ಇರುವುದು ಫೋನಿನ ನೆಟ್ ಒಂದೇ. ವೈಫೈ ಹಾಟ್‌ಸ್ಪಾಟ್ ಹಾಕಿದರೆ ಫೋನಿನ ಬ್ಯಾಟರಿ ಸರ್ರನೆ ಇಳಿಯುತ್ತದೆ. ಅದಕ್ಕೇ ಅವಳು ಬ್ಲೂಟೂತ್ ಟೆದರಿಂಗ್ ಬಳಸುತ್ತಾಳೆ. ಸ್ಪೀಡು ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್ ಆಸುಪಾಸು. ಒಂದು ಪಿಡಿಎಫ್ ಕಳಿಸಲು ಅಷ್ಟು ಧಾರಾಳವಾಯಿತು.

"ಮಾಮ, ಶುಕ್ರವಾರ ಸರಿಯಿತ್ತು. ಇವತ್ತು ಕನೆಕ್ಟಿಂಗ್ ಅಂತ ತೋರಿಸಿ ಬಿಟ್ಟುಹೋಗ್ತಿದೆ."

"ನಡುವೆ ಏನು ಮಾಡಿದೆ?"

"ಏನೂ ಮಾಡಿಲ್ಲ."

ಈ 'ಏನೂ ಮಾಡಿಲ್ಲ' ಎನ್ನುವ ಮಾತನ್ನು ರಿಪೇರಿ ಕೆಲಸ ಮಾಡುವ ಯಾರೂ ನಂಬುವುದಿಲ್ಲ. ಹಾಗಂತ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ತಾವು ಮಾಡಿದ್ದಕ್ಕೂ ಈ ತೊಂದರೆಗೂ ಸಂಬಂಧವಿದೆ ಅಂತ ಅವರಿಗೆ ಹೊಳೆದಿರುವುದಿಲ್ಲ, ಅಷ್ಟೆ. ಅವಳು ಏನು ಮಾಡಿದ್ದಳು ಅನ್ನುವುದಕ್ಕೆ ಮುಂದೆ ಬರುತ್ತೇನೆ. ಮೊದಲು, ಇಂಥ ತೊಂದರೆ ಬಂದಾಗ ನಾನು ಯಾವ ಕಡೆಯಿಂದ ಹುಡುಕಿಕೊಂಡು ಬರುತ್ತೇನೆ ಅಂತ ಹೇಳುತ್ತೇನೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ, ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಅನುಮತಿ ಇಲ್ಲ ಅಂತ ತಕರಾರು ಮಾಡಿದರೆ ಕಮಾಂಡಿನ ಮೊದಲಿಗೆ 'ಸುಡೋ' ಸೇರಿಸಿ, ಅದು ಅಡ್ಮಿನ್ ಅಧಿಕಾರ ಕೊಡುವ ಪದ.

ಎಲ್ಲಿ ನಿಂತಿದೆ?

'ಪೇರ್ ಆಗ್ತಿಲ್ಲ' ಅನ್ನುವುದು ಒಂದೇ ದೂರು. ಅದರ ಒಳಗೆ ಐದಾರು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಆನ್ ಆಗುವುದೇ ಇಲ್ಲವೇ? ಆನ್ ಆಗಿದೆ, ಫೋನ್ ಕಾಣುತ್ತಿಲ್ಲವೇ? ಕಾಣುತ್ತದೆ, ಆರಂಕಿ ನಂಬರ್ ಬಂದ ಮೇಲೆ ಕೈಕೊಡುತ್ತದೆಯೇ? ಪೇರ್ ಆಗಿದೆ ಅಂತಲೇ ತೋರಿಸುತ್ತದೆ, ಫೈಲ್ ಹೋಗುತ್ತಿಲ್ಲವೇ? ಅಥವಾ ನಿನ್ನೆವರೆಗೆ ಸರಿಯಿದ್ದು ಇವತ್ತು ಕೆಟ್ಟಿತೇ? ಇದನ್ನು ಮೊದಲು ಸರಿಯಾಗಿ ಕೇಳಿಕೊಳ್ಳದೆ ಕಂಡಕಂಡ ಕಮಾಂಡ್ ಹೊಡೆಯಲು ಶುರುಮಾಡಿದರೆ ಒಂದು ತೊಂದರೆ ಇದ್ದದ್ದು ಮೂರಾಗುತ್ತದೆ. ನಾನೇ ಹೀಗೆ ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಅವಳದ್ದು ಕೊನೆಯ ಜಾತಿ. ನಿನ್ನೆವರೆಗೆ ಸರಿಯಿದ್ದದ್ದು ಅಂದರೆ ಹಾರ್ಡ್‌ವೇರ್, ಡ್ರೈವರ್ ಎರಡೂ ಬಹುಶಃ ಚೆನ್ನಾಗಿವೆ. ಹೊಸದಾಗಿ ಲಿನಕ್ಸ್ ಹಾಕಿಕೊಂಡವರು ಮಾತ್ರ ಬುಡದಿಂದ ಬರಬೇಕು.

ರೇಡಿಯೋ ಎದ್ದಿದೆಯಾ?

ಮೊದಲ ಕಮಾಂಡ್ 'ಆರ್‌ಎಫ್‌ಕಿಲ್ ಲಿಸ್ಟ್'. ಲ್ಯಾಪ್‌ಟಾಪಿನ ವೈಫೈ, ಬ್ಲೂಟೂತ್ ಎರಡರ ಸ್ಥಿತಿಯನ್ನೂ ಇದು ಹೇಳುತ್ತದೆ. 'ಸಾಫ್ಟ್ ಬ್ಲಾಕ್ಡ್' ಎದುರು ಯೆಸ್ ಇದ್ದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್' ಹೊಡೆದರೆ ಮುಗಿಯಿತು. 'ಹಾರ್ಡ್ ಬ್ಲಾಕ್ಡ್' ಎದುರು ಯೆಸ್ ಇದ್ದರೆ ಯಾವ ಕಮಾಂಡೂ ಕೆಲಸ ಮಾಡುವುದಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಸಣ್ಣ ಸ್ವಿಚ್ ಇದೆಯಾ, ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ ಚಿತ್ರದ ಕೀ ಇದೆಯಾ ನೋಡಿ. ಕೀಬೋರ್ಡ್ ಒರೆಸುವಾಗ ಆ ಕೀ ಒತ್ತಿ ಹೋಗಿರುವುದನ್ನು ಒಂದೆರಡು ಸಲ ಕಂಡಿದ್ದೇನೆ.

ಲಿಸ್ಟಿನಲ್ಲಿ ಬ್ಲೂಟೂತ್ ಹೆಸರೇ ಇಲ್ಲದಿದ್ದರೆ ಅದು ಸ್ವಿಚ್ಚಿನ ಮಾತಲ್ಲ. ಚಿಪ್ ಎದ್ದೇ ಇಲ್ಲ. ಈಗ ಸಿಸ್ಟಂನ ಒಳಗಿನ ಸಂದೇಶಗಳನ್ನು ತೋರಿಸುವ 'ಡಿಮೆಸ್ಗ್' ಹೊಡೆದು ಬ್ಲೂಟೂತ್ ಅಂತ ಇರುವ ಸಾಲುಗಳನ್ನು ಓದಬೇಕು. ಸಾಲುಗಳು ಹೆದರಿಸುವಂತಿರುತ್ತವೆ, ಆದರೆ ನೀವು ನೋಡಬೇಕಾದ್ದು ಕೊನೆಯಲ್ಲಿರುವ ಒಂದು ಸಂಖ್ಯೆ ಮಾತ್ರ.

ಮೈನಸ್ 2 ಅಂತ ಇದ್ದರೆ 'ಫೈಲ್ ಸಿಗಲಿಲ್ಲ' ಅಂತ ಅರ್ಥ. ಬ್ಲೂಟೂತ್ ಚಿಪ್‌ಗಳಿಗೆ ತಮ್ಮದೇ ಬುದ್ಧಿ ಅಂತ ಪೂರ್ತಿ ಇರುವುದಿಲ್ಲ. ಕಂಪ್ಯೂಟರ್ ಶುರುವಾದಾಗ ಡ್ರೈವರ್ ಒಂದು ಫರ್ಮ್‌ವೇರ್ ಫೈಲನ್ನು ಅದರೊಳಗೆ ಸುರಿಯಬೇಕು. ಆ ಫೈಲ್ ನಿಮ್ಮ ಲಿನಕ್ಸ್‌ನಲ್ಲಿ ಇಲ್ಲ. ಉಬುಂಟು, ಫೆಡೋರಾ, ಆರ್ಚ್ ಎಂಬ ಲಿನಕ್ಸ್ ಬಗೆಗಳಲ್ಲಿ 'ಲಿನಕ್ಸ್ ಫರ್ಮ್‌ವೇರ್' ಪ್ಯಾಕೇಜನ್ನು ಅಪ್‌ಡೇಟ್ ಮಾಡಿದರೆ ಸಾಮಾನ್ಯವಾಗಿ ಬರುತ್ತದೆ. ಡೆಬಿಯನ್‌ನಲ್ಲಿ ಇವು ಮುಕ್ತವಲ್ಲದ ಫರ್ಮ್‌ವೇರ್ ಅಂತ ಬೇರೆಯಾಗಿ ಇರುತ್ತವೆ. 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಬರುತ್ತಿವೆ. ಅದಕ್ಕಿಂತ ಹಳೆಯದರಲ್ಲಿ ನಾವೇ ಹುಡುಕಿ ಹಾಕಿಕೊಳ್ಳಬೇಕು.

ಮೈನಸ್ 110 ಅಂತ ಇದ್ದರೆ ಕತೆ ಬೇರೆ. ಡ್ರೈವರ್ ಕೂಗಿತು, ಚಿಪ್ ಓಗೊಡಲಿಲ್ಲ. ಚಿಪ್ ಒಳಗೊಳಗೇ ಸಿಕ್ಕಿಹಾಕಿಕೊಂಡಿದೆ. ರೀಸ್ಟಾರ್ಟ್ ಮಾಡಿದರೆ ಆಗುವುದಿಲ್ಲವಾ ಅಂದರೆ, ಬಹಳ ಸಲ ಆಗುವುದಿಲ್ಲ. ರೀಸ್ಟಾರ್ಟ್‌ನಲ್ಲಿ ಚಿಪ್‌ಗೆ ಹೋಗುವ ಕರೆಂಟ್ ನಿಲ್ಲುವುದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ. ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೂಡ ಇದ್ದರೆ ಅದರ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಶಟ್‌ಡೌನ್ ಅಂತ ಹೇಳಿ ಅರ್ಧ ನಿದ್ದೆಗೆ ಹೋಗುತ್ತದೆ. ಚಿಪ್ಪನ್ನೂ ಅದೇ ಅರೆನಿದ್ದೆಯಲ್ಲಿ ಲಿನಕ್ಸ್ ಕೈಗೆ ಕೊಡುತ್ತದೆ.

ಚಿಪ್ ಎದ್ದಿದ್ದೂ, ಟರ್ಮಿನಲ್‌ನಿಂದ ಬ್ಲೂಟೂತ್ ನಡೆಸುವ 'ಬ್ಲೂಟೂತ್‌ಸಿಟಿಎಲ್' ಕಮಾಂಡಿನಲ್ಲಿ 'ನೋ ಡಿಫಾಲ್ಟ್ ಕಂಟ್ರೋಲರ್ ಅವೈಲಬಲ್' ಅಂತ ಬಂದರೆ, ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಸ್ವಿಚ್ ಒತ್ತಿದರೂ ಹಿಂದಕ್ಕೆ ಹಾರಿದರೆ, 'ಸಿಸ್ಟಂಸಿಟಿಎಲ್ ಸ್ಟೇಟಸ್ ಬ್ಲೂಟೂತ್' ನೋಡಿ. ಇನ್‌ಆಕ್ಟಿವ್ ಅಂತ ಇದ್ದರೆ ಸರ್ವಿಸ್ ಶುರುಮಾಡಿ. ಆರ್ಚ್‌ನಲ್ಲಿ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಸರ್ವಿಸ್ ತಾನಾಗಿ ಏಳುವುದಿಲ್ಲ. ನಾವೇ 'ಎನೇಬಲ್' ಮಾಡಬೇಕು.

ಫೋನ್ ಕಾಣುತ್ತಲೇ ಇಲ್ಲ

ಇಲ್ಲಿ ಜಾಸ್ತಿ ಜನ ಎಡವುವುದು ಒಂದು ಸಣ್ಣ ವಿಷಯಕ್ಕೆ. ಬ್ಲೂಟೂತ್ ಆನ್ ಇದೆ ಅಂದರೆ ಎಲ್ಲರಿಗೂ ಕಾಣುತ್ತಿದೆ ಅಂತಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಬ್ಲೂಟೂತ್ ಸೆಟ್ಟಿಂಗ್ಸ್ ಪುಟ ತೆರೆದಿದ್ದಾಗ ಮಾತ್ರ ಫೋನ್ ಹೊಸಬರ ಕಣ್ಣಿಗೆ ಬೀಳುತ್ತದೆ. ಐಫೋನೂ ಹಾಗೇ. ಗ್ನೋಮ್ ಡೆಸ್ಕ್‌ಟಾಪಿನ ಲಿನಕ್ಸ್ ಕೂಡ ಹಾಗೇ, ಬ್ಲೂಟೂತ್ ಪ್ಯಾನೆಲ್ ಮುಚ್ಚಿದರೆ ಅಡಗಿಕೊಳ್ಳುತ್ತದೆ. ಪರದೆ ಆಫ್ ಮಾಡಿ ಫೋನನ್ನು ಪಕ್ಕಕ್ಕಿಟ್ಟು ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಾ ಕೂತರೆ ಸಂಜೆಯಾದರೂ ಸಿಗುವುದಿಲ್ಲ. ಪೇರಿಂಗ್ ಮುಗಿಯುವವರೆಗೆ ಎರಡೂ ಕಡೆ ಆ ಪುಟ ತೆರೆದಿರಲಿ. ಬ್ಲೂಟೂತ್‌ಸಿಟಿಎಲ್ ಒಳಗೆ 'ಡಿಸ್ಕವರಬಲ್ ಆನ್' ಹೊಡೆದಿದ್ದರೆ 180 ಸೆಕೆಂಡ್ ಆದಮೇಲೆ ಅದು ತಾನೇ ಆಫ್ ಆಗುತ್ತದೆ. ಲಿನಕ್ಸ್‌ನ ಬ್ಲೂಟೂತ್ ನೋಡಿಕೊಳ್ಳುವ ಬ್ಲೂಝಡ್‌ನ ಡೀಫಾಲ್ಟ್ ಅದು.

ನನ್ನ ಅಭ್ಯಾಸ ಹೇಳುತ್ತೇನೆ. ಲ್ಯಾಪ್‌ಟಾಪಿನಿಂದ ಫೋನನ್ನು ಹುಡುಕಲು ಹೋಗುವುದಿಲ್ಲ. ಲ್ಯಾಪ್‌ಟಾಪನ್ನು ಕಾಣುವಂತೆ ಬಿಟ್ಟು ಫೋನಿನಿಂದ ಪೇರ್ ಮಾಡುತ್ತೇನೆ. ಯಾಕೆಂದರೆ ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಹಾಕಿದರೆ ಹೆಸರಿಲ್ಲದ ಹತ್ತಾರು ವಿಳಾಸಗಳು ಸುರಿಯುತ್ತವೆ. ಪಕ್ಕದ ಮನೆಯ ಟಿವಿ, ಯಾರದೋ ವಾಚು, ಇಯರ್‌ಬಡ್ಸು. ನಿಮ್ಮ ಫೋನ್ ಕೂಡ ಅದರಲ್ಲಿ ಎರಡು ಸಲ ಇರಬಹುದು. ಒಂದು ಅದರ ನಿಜವಾದ ವಿಳಾಸ, ಹೆಸರಿನ ಸಮೇತ. ಇನ್ನೊಂದು ಕಡಿಮೆ ಶಕ್ತಿಯ ಬ್ಲೂಟೂತ್‌ಗಾಗಿ ಫೋನ್ ಹಾಕಿಕೊಂಡ ಮುಖವಾಡ. ನಿಮ್ಮನ್ನು ಯಾರೂ ಹಿಂಬಾಲಿಸಬಾರದು ಅಂತ ಆ ಮುಖವಾಡ ಸುಮಾರು 15 ನಿಮಿಷಕ್ಕೊಮ್ಮೆ ಬದಲಾಗುತ್ತಿರುತ್ತದೆ. ಅದಕ್ಕೆ ಪೇರ್ ಮಾಡಲು ಹೋದರೆ ಒಂದೋ ಆಗುವುದಿಲ್ಲ, ಇಲ್ಲ ಆದರೂ ಟೆದರಿಂಗೂ ಇಲ್ಲ ಫೈಲೂ ಇಲ್ಲ. ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ ಬ್ಲೂಝಡ್‌ನ ಸೆಟ್ಟಿಂಗ್ಸ್ ಇರುವ 'ಮೇನ್ ಡಾಟ್ ಕಾನ್ಫ್' ಫೈಲಿನಲ್ಲಿ 'ಕಂಟ್ರೋಲರ್ ಮೋಡ್' ಅನ್ನು 'ಡ್ಯುಯಲ್' ಬದಲು 'ಬಿಆರ್‌ಇಡಿಆರ್', ಅಂದರೆ ಹಳೆ ಬಗೆಯ ಬ್ಲೂಟೂತ್ ಮಾತ್ರ, ಮಾಡಿ ನೋಡಬಹುದು. ಆದರೆ ಆಮೇಲೆ ನಿಮ್ಮ ಹೊಸ ಬ್ಲೂಟೂತ್ ಮೌಸ್ ಕೆಲಸ ಮಾಡದಿರಬಹುದು, ಎಚ್ಚರ. ಅವು ಬಹುಪಾಲು ಕಡಿಮೆ ಶಕ್ತಿಯ ಬ್ಲೂಟೂತ್ ಮೇಲೇ ನಡೆಯುತ್ತವೆ.

ಎರಡೂ ಹತ್ತಿರವೇ ಇವೆ, ಒಮ್ಮೆ ಕಾಣುತ್ತದೆ ಒಮ್ಮೆ ಮಾಯ ಅನ್ನುವಂತಿದ್ದರೆ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಏನಾದರೂ ಚುಚ್ಚಿದ್ದೀರಾ ನೋಡಿ. ಯುಎಸ್‌ಬಿ 3 ಕೇಬಲ್‌ಗಳಿಂದ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಸೋರುತ್ತದೆ ಅಂತ 2012ರಲ್ಲೇ ಇಂಟೆಲ್ ಬರೆದಿತ್ತು. ಬ್ಲೂಟೂತ್ ಸೆಕೆಂಡಿಗೆ 1600 ಸಲ ಚಾನೆಲ್ ಬದಲಿಸುತ್ತಾ ಜಿಗಿಯುವುದೂ ಅದೇ ತರಂಗಪಟ್ಟಿಯಲ್ಲಿ.

ಆರಂಕಿ ಬಂತು, ಆಮೇಲೆ ಫೇಲ್

2007ರಲ್ಲಿ ಬಂದ ಬ್ಲೂಟೂತ್ 2.1ರಿಂದ ಈಚೆಗೆ ನಾಲ್ಕು ಸೊನ್ನೆ ಹೊಡೆಯುವ ಕಾಲ ಹೋಯಿತು. ಈಗ ಎರಡೂ ಪರದೆ ಮೇಲೆ ಒಂದೇ ಆರಂಕಿ ಸಂಖ್ಯೆ ಬರುತ್ತದೆ. ಎರಡೂ ಒಂದೇನಾ ಅಂತ ನೋಡಿ, ಎರಡೂ ಕಡೆ ಒಪ್ಪಬೇಕು. ಇದರಲ್ಲಿ 'ಎರಡೂ ಕಡೆ' ಅನ್ನುವುದೇ ಮುಖ್ಯ.

ಫೋನಿನಲ್ಲಿ ದೊಡ್ಡ ಬಟನ್ ಇರುತ್ತದೆ, ಎಲ್ಲರೂ ಒತ್ತುತ್ತಾರೆ. ಲ್ಯಾಪ್‌ಟಾಪಿನ ಕಡೆ ಕೇಳುವ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ. ಬ್ಲೂಟೂತ್‌ಸಿಟಿಎಲ್‌ನಲ್ಲಿ 'ಕನ್ಫರ್ಮ್ ಪಾಸ್‌ಕೀ' ಅಂತ ಒಂದು ಸಾಲು ಬರುತ್ತದೆ, ಕೊನೆಗೆ ಯೆಸ್ ಅಥವಾ ನೋ. ಸ್ಕ್ಯಾನ್ ನಿಲ್ಲಿಸದೇ ಇದ್ದರೆ ಅದರ ಹಿಂದೆಯೇ ಸರಸರ ಅಂತ ಇಪ್ಪತ್ತು ಸಾಲು ಬಂದು ಪ್ರಶ್ನೆ ಮೇಲೆ ಹೋಗಿಬಿಡುತ್ತದೆ. ನೀವು ಲ್ಯಾಪ್‌ಟಾಪ್ ಏನೋ ಯೋಚಿಸುತ್ತಿದೆ ಅಂತ ಕಾಯುತ್ತಿರುತ್ತೀರಿ. ಅದು ನಿಮ್ಮನ್ನು ಕಾಯುತ್ತಿರುತ್ತದೆ. ಸ್ವಲ್ಪ ಹೊತ್ತಿಗೆ ಫೋನ್ ಬೇಸತ್ತು 'ಪಿನ್ ತಪ್ಪು' ಅನ್ನುವ ಅರ್ಥದ ಮಾತು ಹೇಳುತ್ತದೆ. ಪಿನ್ ಏನೂ ತಪ್ಪಿರಲಿಲ್ಲ. ಅದಕ್ಕೆ ಮೊದಲು 'ಸ್ಕ್ಯಾನ್ ಆಫ್', ಆಮೇಲೆ ಪೇರ್. ಪ್ರಶ್ನೆ ಬಂದಾಗ ಪೂರ್ತಿ 'ಯೆಸ್' ಟೈಪ್ ಮಾಡಿ ಎಂಟರ್ ಒತ್ತಿ.

ಪ್ರಶ್ನೆಯೇ ಬರಲಿಲ್ಲ ಅಂದರೆ ಕೇಳುವವರೇ ಇಲ್ಲ ಅಂತ. ಬ್ಲೂಝಡ್ ಸೇವೆ ಹಿಂದೆ ಮರೆಯಲ್ಲಿ ಓಡುವಂಥದ್ದು, ಅದಕ್ಕೆ ಪರದೆ ಮೇಲೆ ಮಾತಾಡಲು ಬಾಯಿಲ್ಲ. 'ಏಜೆಂಟ್' ಅಂತ ಒಂದು ಮಧ್ಯವರ್ತಿ ಬೇಕು. ಗ್ನೋಮ್, ಕೆಡಿಇ ತಮ್ಮ ಏಜೆಂಟ್ ತಾವೇ ಇಟ್ಟುಕೊಂಡಿರುತ್ತವೆ. ಐ3, ಸ್ವೇ ಥರದ ಬರಿಯ ವಿಂಡೋ ಮ್ಯಾನೇಜರ್ ಹಾಕಿಕೊಂಡವರಿಗೆ ಅದು ಇರುವುದಿಲ್ಲ. ಬ್ಲೂಮನ್ ಆಪ್ಲೆಟ್ ಹಾಕಿಕೊಳ್ಳಿ, ಇಲ್ಲವೇ ಬ್ಲೂಟೂತ್‌ಸಿಟಿಎಲ್ ಒಳಗೆ 'ಏಜೆಂಟ್ ಆನ್', 'ಡಿಫಾಲ್ಟ್ ಏಜೆಂಟ್' ಎರಡನ್ನೂ ಹೊಡೆದು, ಪೇರಿಂಗ್ ಮುಗಿಯುವ ತನಕ ಆ ಕಿಟಕಿ ಮುಚ್ಚದೆ ಇಡಿ.

ಪೇರ್ ಆದಮೇಲೆ 'ಟ್ರಸ್ಟ್' ಕೂಡ ಹೊಡೆಯಿರಿ. ಇದನ್ನು ಬಿಟ್ಟರೆ ಫೋನ್ ಬಂದಾಗೆಲ್ಲ ಬ್ಲೂಝಡ್ 'ಒಳಗೆ ಬಿಡಲಾ' ಅಂತ ಏಜೆಂಟನ್ನು ಕೇಳುತ್ತದೆ. ಏಜೆಂಟ್ ಇಲ್ಲದಿದ್ದರೆ ಬಿಡುವುದಿಲ್ಲ. ಇವತ್ತು ಟರ್ಮಿನಲ್ ತೆರೆದಿದ್ದಾಗ ಕೆಲಸ ಮಾಡಿ ನಾಳೆ ಕೈಕೊಡುವುದರ ಗುಟ್ಟು ಬಹಳ ಸಲ ಇದೇ.

ಬೀಗ ಬದಲಾಗಿದೆ

ಈಗ ಅಕ್ಕನ ಮಗಳ ಕತೆಗೆ ಬರೋಣ. ಪೇರಿಂಗ್ ಅಂದರೆ ಕೊನೆಗೆ ಏನು? ಎರಡೂ ಕಡೆಯವರು ಸೇರಿ ಒಂದು ಗುಟ್ಟಿನ ಕೀಲಿ ಮಾಡಿಕೊಂಡು ಒಂದೊಂದು ಪ್ರತಿ ಇಟ್ಟುಕೊಳ್ಳುವುದು. 128 ಬಿಟ್ ಉದ್ದದ ಕೀಲಿ. ಮುಂದಿನ ಸಲ ಭೇಟಿಯಾದಾಗ ಆರಂಕಿ ಕೇಳುವುದಿಲ್ಲ, ಕೀಲಿ ಹೊಂದುತ್ತಾ ಅಂತ ನೋಡುತ್ತಾರೆ ಅಷ್ಟೆ. ಒಬ್ಬರ ಹತ್ತಿರ ಕೀಲಿ ಇದ್ದು ಇನ್ನೊಬ್ಬರು ಕಳೆದುಕೊಂಡಿದ್ದರೆ ಬಾಗಿಲು ತೆಗೆಯುವುದಿಲ್ಲ. ಇಬ್ಬರ ಹತ್ತಿರವೂ ಇದೆ, ಬೇರೆ ಬೇರೆ ಕೀಲಿ ಅಂದರೂ ತೆಗೆಯುವುದಿಲ್ಲ.

ಇವೆರಡರಲ್ಲಿ ಯಾವುದು ಅಂತ ಊಹಿಸಬೇಕಾಗಿಲ್ಲ, ನೋಡಬಹುದು. ಒಂದು ಟರ್ಮಿನಲ್‌ನಲ್ಲಿ 'ಸುಡೋ ಬಿಟಿಮಾನ್' ಹಾಕಿ ಬಿಡಿ. ಚಿಪ್‌ಗೂ ಲಿನಕ್ಸ್‌ಗೂ ನಡೆಯುವ ಪ್ರತಿ ಮಾತನ್ನೂ ಅದು ತೋರಿಸುತ್ತದೆ. ಇನ್ನೊಂದು ಕಡೆ ಕನೆಕ್ಟ್ ಮಾಡಲು ನೋಡಿ. ಬಂದ ಸಾಲುಗಳಲ್ಲಿ 'ಸ್ಟೇಟಸ್' ಅಥವಾ 'ರೀಸನ್' ಎದುರಿನ ಕೋಡ್ ಹುಡುಕಿ. 04 ಅಂದರೆ ಕರೆದರೂ ಆ ಕಡೆಯಿಂದ ಉತ್ತರವಿಲ್ಲ, ಫೋನ್ ದೂರದಲ್ಲಿದೆ ಅಥವಾ ಅದರ ಬ್ಲೂಟೂತ್ ಆಫ್. 05 ಅಂದರೆ ಕೀಲಿ ತಾಳೆಯಾಗಲಿಲ್ಲ. 06 ಅಂದರೆ ಒಬ್ಬರ ಹತ್ತಿರ ಕೀಲಿಯೇ ಇಲ್ಲ. 08 ಅಂದರೆ ಮಾತಾಡುತ್ತಾ ಇದ್ದವರು ನಡುವೆ ಸುಮ್ಮನಾದರು. ಈ ನಾಲ್ಕು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ನಾನು ಅವಳಿಗೆ ಬಿಟಿಮಾನ್ ಹಾಕಿಸಿದೆ. ಓದಿ ಹೇಳಿದಳು, 05.

"ಫೋನಿನ ಲಿಸ್ಟಿನಲ್ಲಿ ನಿನ್ನ ಲ್ಯಾಪ್‌ಟಾಪಿನ ಹೆಸರು ಏನಂತ ಇದೆ?"

"ಅಯ್ಯೋ, ಡೆಸ್ಕ್‌ಟಾಪ್ ಅಂತ ಶುರುವಾಗಿ ಏನೇನೋ ಅಕ್ಷರ ಇದೆ ಮಾಮ. ಮುಂಚೆ ನನ್ನ ಹೆಸರಿತ್ತು."

ಅಲ್ಲಿಗೆ ಕಳ್ಳ ಸಿಕ್ಕಿದ. ಡೆಸ್ಕ್‌ಟಾಪ್ ಅಂತ ಶುರುವಾಗಿ ಅಡ್ಡಾದಿಡ್ಡಿ ಅಕ್ಷರ ಬರುವ ಹೆಸರು ವಿಂಡೋಸ್ ತಾನಾಗಿ ಇಟ್ಟುಕೊಳ್ಳುವಂಥದ್ದು. ಅವಳ ಲ್ಯಾಪ್‌ಟಾಪಿನಲ್ಲಿ ಉಬುಂಟು, ವಿಂಡೋಸ್ ಎರಡೂ ಇವೆ. ಶನಿವಾರ ಯಾವುದೋ ಸಾಫ್ಟ್‌ವೇರ್‌ಗೆಂದು ವಿಂಡೋಸ್‌ಗೆ ಹೋಗಿದ್ದಾಳೆ. ಫೋನಿನಲ್ಲಿದ್ದ ನಾಲ್ಕು ಫೋಟೋ ತೆಗೆದುಕೊಳ್ಳಬೇಕಿತ್ತು, ಬ್ಲೂಟೂತ್ ಪೇರ್ ಮಾಡಿದ್ದಾಳೆ. "ಏನೂ ಮಾಡಿಲ್ಲ."

ಫೋನಿಗೆ ವಿಂಡೋಸ್, ಲಿನಕ್ಸ್ ಅಂತ ಭೇದ ಗೊತ್ತಿಲ್ಲ. ಅದು ನೋಡುವುದು ಬ್ಲೂಟೂತ್ ಚಿಪ್ಪಿನ ವಿಳಾಸವನ್ನು. ಚಿಪ್ ಒಂದೇ, ವಿಳಾಸವೂ ಒಂದೇ. ಒಂದೇ ಮನೆಯಲ್ಲಿ ಪಾಳಿ ಮೇಲೆ ಇರುವ ಇಬ್ಬರು ಬಾಡಿಗೆದಾರರ ಹಾಗೆ. ಒಬ್ಬ ಬಂದು ಬೀಗ ಬದಲಿಸಿ ಹೊಸ ಕೀಲಿ ಫೋನಿಗೆ ಕೊಟ್ಟ. ಫೋನ್ ಹಳೆಯದನ್ನು ಎಸೆಯಿತು. ಎರಡನೆಯವನು ಹಳೆ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

ಆ ಹೊತ್ತಿಗೆ ಬೇಕಾದದ್ದು ಸುಲಭದ ದಾರಿ. ಎರಡೂ ಕಡೆ ಅಳಿಸಿ ಹೊಸದಾಗಿ ಪೇರ್ ಮಾಡುವುದು. ಫೋನಿನಲ್ಲಿ 'ಫರ್ಗೆಟ್', ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್‌ಸಿಟಿಎಲ್‌ನ 'ರಿಮೂವ್' ಮುಂದೆ ಫೋನಿನ ವಿಳಾಸ. ಎರಡೂ ಕಡೆ ಅಂತ ನಾನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಬರೀ ಫೋನಿನಲ್ಲಿ ಅಳಿಸಿ ಲ್ಯಾಪ್‌ಟಾಪಿನಿಂದ ಪೇರ್ ಮಾಡಲು ಹೋದರೆ 'ಆಲ್ರೆಡಿ ಎಕ್ಸಿಸ್ಟ್ಸ್' ಅನ್ನುತ್ತದೆ. ಬರೀ ಲ್ಯಾಪ್‌ಟಾಪಿನಲ್ಲಿ ಅಳಿಸಿದರೆ ಫೋನ್ ಹಳೆ ಕೀಲಿ ಹಿಡಿದು ಬರುತ್ತದೆ, 06 ಸಿಗುತ್ತದೆ. ಅರ್ಧ ಅಳಿಸುವುದಕ್ಕಿಂತ ಅಳಿಸದಿರುವುದೇ ವಾಸಿ. ಫೋನಿನಲ್ಲಿ 'ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್' ಅಂತ ಒಂದು ಇದೆಯಲ್ಲ, ಅದನ್ನು ಮುಟ್ಟಬೇಡಿ. ಉಳಿಸಿಕೊಂಡ ವೈಫೈ ಪಾಸ್‌ವರ್ಡ್‌ಗಳೆಲ್ಲ ಹೋಗುತ್ತವೆ.

ಹತ್ತು ನಿಮಿಷದಲ್ಲಿ ರಿಪೋರ್ಟ್ ಹೋಯಿತು. ಆದರೆ ಮುಂದಿನ ಸಲ ವಿಂಡೋಸ್‌ನಲ್ಲಿ ಪೇರ್ ಮಾಡಿದ ಕೂಡಲೇ ಇದೇ ಗೋಳು. ಇದಕ್ಕೆ ಶಾಶ್ವತ ಮದ್ದು ಎಂದರೆ ಎರಡೂ ಸಿಸ್ಟಂ ಒಂದೇ ಕೀಲಿ ಇಟ್ಟುಕೊಳ್ಳುವಂತೆ ಮಾಡುವುದು. ಕರೆಂಟ್ ಬಂದಮೇಲೆ ಒಂದು ದಿನ ಕೂತು ಮಾಡಿದೆವು.

ಅನುಕ್ರಮ ತಪ್ಪಬಾರದು. ಮೊದಲು ಲಿನಕ್ಸ್‌ನಲ್ಲಿ ಪೇರ್ ಆಗಿರಬೇಕು. ಆಮೇಲೆ ವಿಂಡೋಸ್‌ಗೆ ಹೋಗಿ, ಅಲ್ಲೂ ಫೋನಿನಲ್ಲೂ ಅಳಿಸಿ, ಹೊಸದಾಗಿ ಪೇರ್ ಮಾಡಬೇಕು. ಈಗ ಫೋನಿನ ಹತ್ತಿರ ಇರುವುದು ವಿಂಡೋಸ್ ಕೊಟ್ಟ ಕೀಲಿ. ಮತ್ತೆ ಲಿನಕ್ಸ್‌ಗೆ ಬಂದು ಆ ಕೀಲಿಯನ್ನು ವಿಂಡೋಸ್ ರಿಜಿಸ್ಟ್ರಿಯಿಂದ ಓದಿ ತರಬೇಕು. ವಿಂಡೋಸ್ ಡ್ರೈವ್ ಮೌಂಟ್ ಮಾಡಿ, ವಿಂಡೋಸ್‌ನ ಡಿಸ್ಕ್ ಬೀಗ ಬಿಟ್‌ಲಾಕರ್ ಇದ್ದರೆ ಮೊದಲು ಅದನ್ನು ತೆರೆಯಬೇಕು, 'ಸಿಸ್ಟಂ32' ಒಳಗಿನ 'ಕಾನ್ಫಿಗ್' ಫೋಲ್ಡರಿಗೆ ಹೋಗಿ. ಅಲ್ಲಿ ಎಲ್ಲ ದೊಡ್ಡಕ್ಷರದ 'ಸಿಸ್ಟಂ' ಅಂತ ಒಂದು ಫೈಲ್ ಇರುತ್ತದೆ. 'ಸಿಎಚ್‌ಎನ್‌ಟಿಪಿಡಬ್ಲ್ಯೂ' ಅನ್ನುವ ಸಣ್ಣ ಸಾಧನದಿಂದ, 'ಮೈನಸ್ ಇ' ಸೇರಿಸಿ, ಅದನ್ನು ತೆರೆಯಬಹುದು. ಒಳಗೆ 'ಕಂಟ್ರೋಲ್‌ಸೆಟ್001', 'ಸರ್ವಿಸಸ್', 'ಬಿಟಿಎಚ್‌ಪೋರ್ಟ್', 'ಪ್ಯಾರಾಮೀಟರ್ಸ್', 'ಕೀಸ್' ಹೀಗೆ ಇಳಿದು ಹೋದರೆ ನಿಮ್ಮ ಚಿಪ್ಪಿನ ವಿಳಾಸದ ಹೆಸರಿನಲ್ಲೇ ಒಂದು ಫೋಲ್ಡರ್. ಅದರೊಳಗೆ ಫೋನಿನ ವಿಳಾಸ. 'ಹೆಕ್ಸ್' ಕಮಾಂಡ್ ಕೊಟ್ಟರೆ 16 ಜೋಡಿ ಅಕ್ಷರ ಬರುತ್ತದೆ. ಅದೇ ಕೀಲಿ. ಬರೆದುಕೊಂಡು ಹೊರಗೆ ಬನ್ನಿ. ಉಳಿಸಲಾ ಅಂತ ಕೇಳಿದರೆ ಬೇಡ ಅನ್ನಿ. ವಿಂಡೋಸ್ ಕಡೆ ನಾವು ಏನೂ ಬದಲಿಸುತ್ತಿಲ್ಲ.

ಲಿನಕ್ಸ್ ಕಡೆ ಕೀಲಿ ಇರುವುದು 'ವರ್, ಲಿಬ್, ಬ್ಲೂಟೂತ್' ಒಳಗೆ. ಅಲ್ಲೂ ಚಿಪ್ಪಿನ ವಿಳಾಸ, ಅದರೊಳಗೆ ಫೋನಿನ ವಿಳಾಸ, ಅದರೊಳಗೆ 'ಇನ್ಫೋ' ಅನ್ನುವ ಫೈಲ್. ರೂಟ್ ಆಗಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ ಮಾತ್ರ ತೆರೆಯಬಹುದು. ಮೊದಲು ಬ್ಲೂಟೂತ್ ಸರ್ವಿಸ್ ನಿಲ್ಲಿಸಿ, ಇಲ್ಲದಿದ್ದರೆ ನೀವು ಬರೆದದ್ದರ ಮೇಲೆ ಅದು ತನ್ನದನ್ನು ಬರೆದುಬಿಡಬಹುದು. 'ಲಿಂಕ್‌ಕೀ' ಅನ್ನುವ ತಲೆಬರಹದ ಕೆಳಗೆ 'ಕೀ' ಎದುರಿನ 32 ಅಕ್ಷರ ತೆಗೆದು ವಿಂಡೋಸ್ ಕೀಲಿ ಹಾಕಿ. ನಡುವೆ ಜಾಗ ಬಿಡದೆ, ದೊಡ್ಡಕ್ಷರದಲ್ಲಿ. ಬೇರೆ ಸಾಲು ಮುಟ್ಟಬೇಡಿ. ಸರ್ವಿಸ್ ಶುರುಮಾಡಿ.

ಅವಳು ಮೊದಲ ಸಲ ಒಂದು 'ಬಿ' ಬದಲು 8 ಹೊಡೆದಿದ್ದಳು. ಮತ್ತೆ 05. ಸರಿಮಾಡಿದ ಕೂಡಲೇ ಫೋನ್ ತಾನಾಗಿ ಕನೆಕ್ಟ್ ಆಯಿತು. ಫೋನಿಗಾದರೆ ಸಾಮಾನ್ಯವಾಗಿ ಈ ಒಂದು ಕೀಲಿ ಸಾಕು. ಕಡಿಮೆ ಶಕ್ತಿಯ ಮೌಸ್, ಕೀಬೋರ್ಡ್‌ಗಳಿಗೆ ಇನ್ನೂ ಮೂರ್ನಾಲ್ಕು ಸಂಖ್ಯೆ ಬದಲಿಸಬೇಕು. ಆ ತಲೆನೋವು ಇವತ್ತು ಬೇಡ.

ಪೇರ್ ಆಗಿದೆ, ಆದರೂ ಏನೂ ಆಗುತ್ತಿಲ್ಲ

ಇಲ್ಲಿ ಎಷ್ಟೋ ಸಲ ತೊಂದರೆಯೇ ಇರುವುದಿಲ್ಲ. ಫೋನನ್ನು ಲ್ಯಾಪ್‌ಟಾಪ್‌ಗೆ ಪೇರ್ ಮಾಡಿದ ಮೇಲೆ ಎರಡು ಸೆಕೆಂಡ್ ಕನೆಕ್ಟ್ ಆಗಿ ಬಿಟ್ಟುಹೋಗುವುದು ಸಹಜ. ಪರಿಚಯವಾಗಿದೆ, ಸದ್ಯಕ್ಕೆ ಮಾತಾಡಲು ವಿಷಯ ಇಲ್ಲ. ಹಾಡು ಹಾಕಿದರೆ, ಟೆದರಿಂಗ್ ಕೇಳಿದರೆ, ಫೈಲ್ ಕಳಿಸಿದರೆ ಮತ್ತೆ ಸೇರುತ್ತವೆ. 'ಇನ್ಫೋ' ಕಮಾಂಡ್‌ನಲ್ಲಿ ಪೇರ್ಡ್ ಯೆಸ್, ಟ್ರಸ್ಟೆಡ್ ಯೆಸ್, ಕನೆಕ್ಟೆಡ್ ನೋ ಅಂತ ಇದ್ದರೆ ಗಾಬರಿಯಾಗಿ ಎಲ್ಲ ಅಳಿಸಲು ಹೋಗಬೇಡಿ.

ಫೈಲ್ ಬರುತ್ತಿಲ್ಲ ಅಂದರೆ, ಗ್ನೋಮ್‌ನಲ್ಲಿ ಆ ಬ್ಲೂಟೂತ್ ಪ್ಯಾನೆಲ್ ತೆರೆದಿದ್ದಾಗ ಮಾತ್ರ ಫೈಲ್ ತೆಗೆದುಕೊಳ್ಳುತ್ತದೆ, ಡೌನ್‌ಲೋಡ್ಸ್ ಫೋಲ್ಡರಿಗೆ. ಐಫೋನಿನಿಂದ ಈ ರೀತಿ ಫೈಲ್ ಕಳಿಸಲು ಬರುವುದೇ ಇಲ್ಲ, ಸುಮ್ನೆ ಒದ್ದಾಡಬೇಡಿ. ಟೆದರಿಂಗ್ ಆಗುತ್ತಿಲ್ಲ ಅಂದರೆ ಫೋನಿನಲ್ಲಿ ಬ್ಲೂಟೂತ್ ಟೆದರಿಂಗ್ ಸ್ವಿಚ್ ಮೊದಲು ಆನ್ ಮಾಡಿ, ಆಮೇಲೆ ಕನೆಕ್ಟ್ ಮಾಡಿ. ಫೆಡೋರಾದಲ್ಲಿ ನೆಟ್‌ವರ್ಕ್ ಮ್ಯಾನೇಜರ್‌ನ ಬ್ಲೂಟೂತ್ ಭಾಗ ಬೇರೆ ಪ್ಯಾಕೇಜ್, ಇದೆಯಾ ನೋಡಿ. ಹಾಡು ಬರುತ್ತಿಲ್ಲ, 'ಪ್ರೊಫೈಲ್ ಅನ್‌ಅವೈಲಬಲ್' ಅಂತ ಬೈಯುತ್ತಿದೆ ಅಂದರೆ ಡೆಬಿಯನ್ ಬಳಗದಲ್ಲಿ, ಧ್ವನಿ ನೋಡಿಕೊಳ್ಳುವ ಪೈಪ್‌ವೈರ್‌ನ ಬ್ಲೂಟೂತ್ ಪ್ಲಗಿನ್ ಹಾಕಿ, ಲಾಗೌಟ್ ಆಗಿ ಬನ್ನಿ.

ಫೋನನ್ನೂ ಲ್ಯಾಪ್‌ಟಾಪನ್ನೂ ಜೋಡಿಸುವ ಕೆಡಿಇ ಕನೆಕ್ಟ್ ಆಪ್ ಪೇರ್ ಆಗುತ್ತಿಲ್ಲ ಅಂತಲೂ ಕೆಲವರು ಇದೇ ದೂರು ತರುತ್ತಾರೆ. ಅದು ಸಾಮಾನ್ಯವಾಗಿ ನಡೆಯುವುದು ವೈಫೈ ಮೇಲೆ, ಇಲ್ಲಿ ಹೇಳಿದ್ದು ಯಾವುದೂ ಅದಕ್ಕೆ ಹೊಂದುವುದಿಲ್ಲ. ಫೈರ್‌ವಾಲ್‌ನಲ್ಲಿ 1714ರಿಂದ 1764ರವರೆಗಿನ ಪೋರ್ಟ್‌ಗಳನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ, ಫೋನೂ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿವೆಯಾ ನೋಡಿ.

ಡಾಂಗಲ್ ಹಾಕಿದವರಿಗೆ

ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಉಗುರಿನಷ್ಟು ದೊಡ್ಡ ಒಂದು ಯುಎಸ್‌ಬಿ ಬ್ಲೂಟೂತ್ ಡಾಂಗಲ್ ತಂದಿದ್ದೆ. ಫೋನ್ ಕಾಣುತ್ತಿತ್ತು, ಆರಂಕಿ ಬರುತ್ತಿತ್ತು, ಆಮೇಲೆ ಏನೂ ಇಲ್ಲ. ಮೇಲೆ ಹೇಳಿದ್ದನ್ನೆಲ್ಲ ಮಾಡಿದೆ. ಚುಚ್ಚಿರುವ ಯುಎಸ್‌ಬಿ ಸಾಧನಗಳ ಹೆಸರು ಹೇಳುವ 'ಎಲ್‌ಎಸ್‌ಯುಎಸ್‌ಬಿ' ಹೊಡೆದರೆ ಕೇಂಬ್ರಿಜ್ ಸಿಲಿಕಾನ್ ರೇಡಿಯೋ ಅಂತ ಘನವಾದ ಹೆಸರು. ಆದರೆ ಡಿಮೆಸ್ಗ್‌ನಲ್ಲಿ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬೇರೆಯೇ ಹೇಳುತ್ತಿತ್ತು: 'ಅನ್‌ಬ್ರಾಂಡೆಡ್ ಸಿಎಸ್‌ಆರ್ ಕ್ಲೋನ್ ಡಿಟೆಕ್ಟೆಡ್'. ಆ ಹೆಸರಿನ ನಕಲಿ ಚಿಪ್‌ಗಳು ಎಷ್ಟು ಹರಡಿವೆ ಅಂದರೆ ಅವನ್ನು ಗುರುತಿಸಿ ಸಂಭಾಳಿಸಲು ಲಿನಕ್ಸ್ ಕರ್ನಲ್‌ನಲ್ಲೇ ಬೇರೆ ಕೋಡ್ ಇದೆ. ಕೆಲವು ಆ ಕೋಡಿನಿಂದ ಸರಿಹೋಗುತ್ತವೆ. ನನ್ನದು ಹೋಗಲಿಲ್ಲ.

ಸೆಟ್ಟಿಂಗ್ಸ್‌ನ ತಪ್ಪೋ ಚಿಪ್ಪಿನ ತಪ್ಪೋ ಅಂತ ಅನುಮಾನ ಉಳಿದರೆ ಒಂದು ಪರೀಕ್ಷೆ ಇದೆ. ಹೊಸ ಉಬುಂಟು ಅಥವಾ ಫೆಡೋರಾವನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿ. ಫೋನಿನಲ್ಲಿ ಹಳೆಯದನ್ನು ಅಳಿಸಿ ಪೇರ್ ಮಾಡಿ ನೋಡಿ. ಅಲ್ಲಿ ಆದರೆ ತಪ್ಪು ನಿಮ್ಮ ಸಿಸ್ಟಂ ಒಳಗಿದೆ, ಮೊದಲಿನಿಂದ ಹುಡುಕಿ. ಅಲ್ಲೂ ಆಗದಿದ್ದರೆ ಕಾನ್ಫಿಗ್ ಫೈಲ್ ತಿದ್ದುತ್ತಾ ಕೂರಬೇಡಿ. ನಾನು ಎರಡು ಲೈವ್ ಪೆನ್‌ಡ್ರೈವ್‌ನಲ್ಲಿ ನೋಡಿ, ಮಾರನೇ ಶನಿವಾರ ಬೇರೆ ಚಿಪ್ಪಿನ ಡಾಂಗಲ್ ತಂದೆ. ಚುಚ್ಚಿದ ಒಂದು ನಿಮಿಷದೊಳಗೆ ಪೇರ್ ಆಯಿತು.